ಹ್ಯಾಬಿಟ್ಸ್: ನಿಲ್

ಮೈಸೂರಿನ ಹೊರವಲಯದ ಒಂದು ಶುಶ್ರೂಷಾ ಕೇಂದ್ರ. ವಯಸ್ಸಾದವರು, ಮನೆಗೆ ಹೋಗಲಾರದವರು, ಹೋಗಲು ಮನೆಯೇ ಇಲ್ಲದವರು, ಎಲ್ಲ ಸೇರಿ ಇಪ್ಪತ್ತೆರಡು ಹಾಸಿಗೆ. ರಾತ್ರಿ ಊಟದ ಟ್ರಾಲಿ ಅಡುಗೆಮನೆಗೆ ವಾಪಸಾಗಿದೆ. ನರ್ಸುಗಳ ಮೇಜಿನ ಎದುರಿನ ಬೆಂಚಿನಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬರು ಸರ್ಕಾರಿ ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಇಲ್ಲಿಗೆ ಬಂದ ಹಿರಿಯ ನರ್ಸು. ಇನ್ನೊಬ್ಬರು ಡಾಕ್ಟರು, ಹೌಸ್ ಸರ್ಜನ್ ಆಗಿದ್ದಾಗ ರಕ್ತನಾಳ ಹುಡುಕಿ ಸೂಜಿ ಹಾಕುವುದನ್ನು ಈಕೆಯಿಂದಲೇ ಕಲಿತವರು. ಇಬ್ಬರ ಮಧ್ಯೆ ಒಂದು ಫ್ಲಾಸ್ಕ್ ಕಾಫಿ.

— ನಾಲ್ಕನೇ ರೂಮಿನ ಕೇಸ್ ಶೀಟ್ ನೋಡಿದ್ರಾ, ಸಿಸ್ಟರ್?

— ನೋಡಿದೆ. ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ನೋಡಿದೆ. ‘ರಮ್ 30 ಎಂಎಲ್, ಸಂಜೆ 6.30, ಊಟಕ್ಕೆ ಮುಂಚೆ.’ ಕೆಳಗೆ ನಿಮ್ಮ ಸಹಿ. ಡಾಕ್ಟ್ರೇ, ನನ್ನ ಸರ್ವಿಸ್‌ನಲ್ಲಿ ವಾರ್ಡಿಂದ ಎಷ್ಟು ಬಾಟ್ಲಿ ಹಿಡಿದು ಆಚೆ ಎಸೆದಿದೀನೋ ಲೆಕ್ಕ ಇಟ್ಟಿಲ್ಲ. ದಿಂಬಿನ ಕವರೊಳಗೆ, ಎಳನೀರು ಬುರುಡೇಲಿ, ಒಂದ್ಸಲ ಖಾಲಿ ಗ್ಲೂಕೋಸ್ ಬಾಟ್ಲೀಲಿ. 2007ರಲ್ಲಿ ಸಾರಾಯಿ ನಿಂತಾಗ ಪ್ಯಾಕೆಟ್ ಕಾಟ ತಪ್ಪಿತು ಅಂದ್ಕೊಂಡೆ. ಹಿಂದೇನೇ ಟೆಟ್ರಾ ಪ್ಯಾಕ್ ಬಂತು. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದೋಳಿಗೆ ಈಗ ನೀವು ಬಡಿಸೋ ಕೆಲಸ ಹೇಳಿದ್ರೆ?

— ಕೊಟ್ರೋ ಇಲ್ವೋ?

— ಆರ್ಡರ್ ಬರೆದ ಮೇಲೆ ಕೊಡದೆ ಇರ್ತೀವಾ? ಕೊಟ್ಟಿದ್ದೂ ಆಯ್ತು, ವಾಪಸ್ ಬಂದಿದ್ದೂ ಆಯ್ತು. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಇದು ಎಲ್ಲಿಂದ ಬಂತು, ಅದು ಹೇಳಿ.

— ಅವರೇ ಕೇಳಿದ್ದು. ಬೆಳಿಗ್ಗೆ ರೌಂಡ್ಸ್‌ನಲ್ಲಿ ನೋವು ಎಷ್ಟಿದೆ, ನಿದ್ದೆ ಬಂತಾ, ಹೊಟ್ಟೆ ಸರಿ ಹೋಯ್ತಾ ಅಂತೆಲ್ಲ ವಿಚಾರಿಸಿ ಎದ್ದೆ. ‘ಡಾಕ್ಟ್ರೇ, ಒಂದು ಬಿಟ್ರಿ’ ಅಂದ್ರು. ‘ಪಟಾಲಂ ಸೇರಿದಾಗಿಂದ ಸಂಜೆ ಒಂದು ಪೆಗ್. ಒಂದೇ. ರಜೆ ಬಂದಾಗ್ಲೂ ಒಂದೇ, ಮಗಳ ಮದುವೇಲೂ ಒಂದೇ. ಇಲ್ಲಿ ಬಂದು ಹನ್ನೆರಡು ದಿನ ಆಯ್ತು. ಮಲ ಹೆಂಗೆ ಹೋಗುತ್ತೆ ಅಂತ ದಿನಾ ಮೂರು ಜನ ಕೇಳ್ತಾರೆ. ಇದನ್ನ ಒಬ್ರೂ ಕೇಳ್ಲಿಲ್ಲ.’

— ನೀವು ಏನಂದ್ರಿ?

— ಏನೂ ಹೊಳೀಲಿಲ್ಲ, ನಿಂತಿದ್ದೆ. ಅವರು ಕೊಡಗಿನವರಲ್ವಾ. ‘ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಇದನ್ನೂ ಇಡ್ತೀವಿ. ನನಗೂ ಇಡ್ತಾರೆ. ಸ್ವಲ್ಪ ಮುಂಚೆ ಕೊಟ್ರೆ ಯಾರಿಗೆ ನಷ್ಟ?’ ಅಂದ್ರು.

— ಮಾತಲ್ಲಿ ಜಾಣರು. ಆದ್ರೆ ಜಾಣತನಕ್ಕೆ ಮಾರುಹೋಗಿ ಆರ್ಡರ್ ಬರೆಯೋಕಾಗಲ್ಲ. ಅವರಿಗೆ ಮಾರ್ಫಿನ್ ಮಾತ್ರೆ ನಡೀತಾ ಇದೆ. ಅದೂ ಉಸಿರು ತಗ್ಗಿಸುತ್ತೆ, ಇದೂ ತಗ್ಗಿಸುತ್ತೆ. ಕ್ಯಾನ್ಸರ್ ಮೂಳೆಗೆ ಇಳಿದಿದೆ. ರಾತ್ರಿ ಬಾತ್‌ರೂಮಿಗೆ ಅಂತ ಎದ್ದು ಮುಗ್ಗರಿಸಿದ್ರೆ ತೊಡೆ ಮೂಳೆ ಲಟಕ್ ಅನ್ನುತ್ತೆ. ಆಮೇಲೆ ಮಗ ಬಂದು ‘ಕುಡಿಸಿ ಬೀಳಿಸಿದ್ರು’ ಅಂದ್ರೆ ಶೀಟಲ್ಲಿ ನಿಮ್ಮ ಸಹಿ ಇರುತ್ತೆ, ಡ್ಯೂಟಿ ಚಾರ್ಟಲ್ಲಿ ನಮ್ಮ ಹುಡುಗಿ ಹೆಸರಿರುತ್ತೆ.

— ಒಪ್ಕೋತೀನಿ. ಅದಕ್ಕೇ ಅರವತ್ತು ಕೇಳಿದವರಿಗೆ ಮೂವತ್ತು ಬರೆದಿದ್ದು. ಮಾರ್ಫಿನ್ ಡೋಸ್ ಸಣ್ಣದು, ಕಿಡ್ನಿ ಸರಿಯಾಗಿದೆ, ಉಸಿರು ನೋಡಿದೀನಿ. ಕುಡಿದ ಮೇಲೆ ಒಂದೆರಡು ಗಂಟೆ ಒಬ್ಬರೇ ಏಳಬಾರದು ಅಂತಲೂ ಬರೆದಿದೀನಿ. ಮಗ ರಮ್ ಬಾಟ್ಲೀನ ಮಿಲಿಟರಿ ಕ್ಯಾಂಟೀನಿಂದ ತಾನೇ ತಂದುಕೊಟ್ಟಿದಾನೆ, ನ್ಯೂಸ್ ಪೇಪರಲ್ಲಿ ಸುತ್ತಿ. ನಾವು ಮಾರ್ತಾ ಇಲ್ಲ. ಆದ್ರೆ ಬೇರೆ ಯಾರಿಗೇ ಆಗಲಿ ಹಿಂಗೇ ಬರೀತೀನಿ ಅಂದ್ಕೋಬೇಡಿ. ಲಿವರ್ ಹೋದವರಿಗೆ ಬರೆಯಲ್ಲ. ಇನ್ಸುಲಿನ್ ತಗೊಂಡು ಸರಿಯಾಗಿ ಊಟ ಮಾಡದವರಿಗೆ ಬರೆಯಲ್ಲ. ಕೆಲವು ಆಂಟಿಬಯಾಟಿಕ್ ಜತೆ ಕುಡಿದ್ರೆ ಮುಖ ಕೆಂಪಾಗಿ ವಾಂತಿ ಶುರುವಾಗುತ್ತೆ, ನೀವೇ ನೋಡಿದೀರ.

— ಕುಡಿತದಲ್ಲಿ ‘ಇಷ್ಟಾದ್ರೆ ಸೇಫ್’ ಅನ್ನೋ ಲೆಕ್ಕವೇ ಇಲ್ಲ ಅಂತ ಡಬ್ಲ್ಯುಎಚ್‌ಓ 2023ರಲ್ಲಿ ಹೇಳ್ತು. ಮೊನ್ನೆ ಟ್ರೈನಿಂಗಲ್ಲಿ ನೀವೇ ಪಾಠ ಮಾಡಿದ್ರಿ, ಆ ಹುಡುಗೀರಿಗೆ.

— ಹೇಳಿದೆ. ಇಪ್ಪತ್ತೈದು ವರ್ಷದ ಹುಡುಗಿಗೆ ಆ ಮಾತು ಬೇಕು. ಅವಳ ಮುಂದೆ ನಲವತ್ತು ವರ್ಷ ಇದೆ, ಕ್ಯಾನ್ಸರ್ ಬರೋಕೆ ಪುರುಸೊತ್ತಿದೆ. ನಾಲ್ಕನೇ ರೂಮಿನವರಿಗೆ ಕ್ಯಾನ್ಸರ್ ಆಗಲೇ ಬಂದಿದೆ. ಇನ್ನು ಮೂರು ತಿಂಗಳೋ ನಾಲ್ಕೋ. ಅವರನ್ನ ಯಾವ ಕಾಯಿಲೆಯಿಂದ ಕಾಪಾಡೋಕೆ ಹೊರಟಿದೀವಿ ನಾವು?

— ಇದನ್ನ ನೀವೇ ಕಂಡುಹಿಡಿದಿದ್ದೋ, ಎಲ್ಲಾದ್ರೂ ನಡೀತಿದೆಯೋ?

— ಫ್ರಾನ್ಸಿನ ಕ್ಲೆರ್ಮೋ-ಫೆರಾ ಅನ್ನೋ ಊರಲ್ಲಿ, ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆ. ಅಲ್ಲಿ ಸಾವಿನ ಅಂಚಿನಲ್ಲಿರೋರನ್ನ ನೋಡ್ಕೊಳ್ಳೋ ವಿಭಾಗದ ಮುಖ್ಯಸ್ಥೆ ವಿರ್ಜಿನಿ ಗಾಸ್ತೆಲಾ 2014ರಲ್ಲಿ ವಾರ್ಡಿಗೇ ಒಂದು ವೈನ್ ಬಾರ್ ತಂದ್ರು. ರೋಗಿ ಮನೆಯವರ ಜತೆ ಕೂತು, ಡಾಕ್ಟರ ಗಮನದಲ್ಲೇ, ಒಂದು ಗ್ಲಾಸ್.

— ಅವರಿಗೆ ವೈನ್ ಅಂದ್ರೆ ನಮಗೆ ಮಜ್ಜಿಗೆ ಇದ್ದ ಹಾಗೆ. ಊಟದ ತಟ್ಟೆ ಪಕ್ಕ ಇರೋದು. ನಮ್ಮ ಕಡೆ ಅದು ತಟ್ಟೆ ಪಕ್ಕ ಇರಲ್ಲ ಡಾಕ್ಟ್ರೇ, ಗೋಡೌನಲ್ಲಿರುತ್ತೆ. ಗೋಡೌನ್ ಕಥೆ ಆಮೇಲೆ.

— ಇವತ್ತು ಎಲ್ಲಾನೂ ಆಮೇಲೇನಾ?

— ಕಾಫಿ ಕುಡೀರಿ, ಆರಿಹೋಗುತ್ತೆ. ನಾನು ಟ್ರೈನಿಂಗಲ್ಲಿದ್ದಾಗ ಹಳೇ ಮೇಟ್ರನ್ ಒಬ್ರಿದ್ರು. ಅವರ ಕಾಲದಲ್ಲಿ ವಾರ್ಡ್ ಕಬೋರ್ಡಲ್ಲಿ ಬ್ರಾಂದಿ ಬಾಟ್ಲಿ ಇರ್ತಿತ್ತಂತೆ. ನಾಡಿ ಸಣ್ಣಗಾಯ್ತು ಅಂದ್ರೆ ಒಂದು ಔನ್ಸ್. ಡಯಟ್ ಶೀಟಲ್ಲೇ ಬರೀತಿದ್ರಂತೆ, ಹಾಲು, ಬ್ರೆಡ್, ಮೊಟ್ಟೆ, ಬ್ರಾಂದಿ. ಆಮೇಲೆ ಅದು ಎಲ್ಲಿ ಹೋಯ್ತು?

— ಹೋಗಿದ್ದಲ್ಲ, ಓಡಿಸಿದ್ದು. ಇಂಗ್ಲೆಂಡಲ್ಲಿ ಜ್ವರ ಬಂದವರಿಗೆಲ್ಲ ಬ್ರಾಂದಿ ಹುಯ್ಯೋ ಚಾಳಿ ಇತ್ತು. ಮದ್ಯ ಇಲ್ಲದೇನೂ ರೋಗಿ ಏಳ್ತಾನೆ ಅಂತ ತೋರಿಸೋಕೇ ಪಾನವಿರೋಧಿಗಳು 1873ರಲ್ಲಿ ಲಂಡನ್ ಟೆಂಪರೆನ್ಸ್ ಆಸ್ಪತ್ರೆ ಕಟ್ಟಿದ್ರು. ತೋರಿಸಿಯೂ ಬಿಟ್ರು. ಔಷಧಿಯಾಗಿ ಮದ್ಯ ಸೋತಿದ್ದು ನ್ಯಾಯವಾಗಿಯೇ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇನ್ನೊಂದು ತಮಾಷೆ. ಅಂಗಡೀಲಿ ಸಿಗಲ್ಲ, ಡಾಕ್ಟರ್ ಚೀಟಿ ಇದ್ರೆ ಮೆಡಿಕಲ್ ಶಾಪಲ್ಲಿ ವಿಸ್ಕಿ ಸಿಗುತ್ತೆ. 1931ರ ಡಿಸೆಂಬರಲ್ಲಿ ಚರ್ಚಿಲ್ ನ್ಯೂಯಾರ್ಕಿನ ರಸ್ತೇಲಿ ಕಾರಿಗೆ ಸಿಕ್ಕಿ ಗಾಯ ಮಾಡ್ಕೊಂಡ್ರು. ಅಲ್ಲಿಯ ಡಾಕ್ಟರು ಬರ್ಕೊಟ್ಟ ಚೀಟೀಲಿ ಗರಿಷ್ಠ ಇಷ್ಟು ಅಂತ ಇರಲಿಲ್ಲ. ಕನಿಷ್ಠ 250 ಸಿಸಿ ಅಂತ ಇತ್ತು.

— ಕನಿಷ್ಠವಾ! ಅಂಥ ಡಾಕ್ಟರು ಸಿಕ್ಕಿದ್ರೆ ನಮ್ಮ ನಾಲ್ಕನೇ ರೂಮಿನವರು ಇಲ್ಲಿ ಯಾಕಿರ್ತಿದ್ರು.

— ನಗಬೇಡಿ, ನಮ್ಮ ದೇಶವೂ ಅದೇ ಜಾಡು. ಸಂವಿಧಾನದ 47ನೇ ವಿಧಿ ಪಾನನಿಷೇಧದ ಮಾತು ಹೇಳುವಾಗ ‘ಔಷಧಿಗೆ ಹೊರತು’ ಅನ್ನೋ ಒಂದು ಬಾಗಿಲು ತೆರೆದಿಟ್ಟಿದೆ. ಗುಜರಾತಲ್ಲಿ ಆರೋಗ್ಯದ ಪರ್ಮಿಟ್ ಅಂತ ಇದೆ, ಡಾಕ್ಟರು ನೋಡಿ ಒಪ್ಪಿದ್ರೆ ತಿಂಗಳಿಗೆ ಇಂತಿಷ್ಟು. ಅಲ್ಲಿ ಕುಡೀಬೇಕಾದ್ರೆ ಕಾಯಿಲೆ ಇದೆ ಅಂತ ಸರ್ಟಿಫಿಕೇಟ್ ಬೇಕು. ಇಲ್ಲಿ ಕಾಯಿಲೆ ಬಂದು ಆಸ್ಪತ್ರೆ ಸೇರಿದ್ರೆ ಕುಡಿಯೋ ಹಾಗಿಲ್ಲ. ಮನುಷ್ಯ ಸುಮ್ಮನೆ, ಕಾರಣ ಇಲ್ಲದೆ, ಸಂಜೆ ಆಯ್ತು ಅಂತ ಒಂದು ಗುಟುಕು ಕುಡೀತಾನೆ ಅನ್ನೋದಕ್ಕೆ ಯಾವ ಫಾರಂನಲ್ಲೂ ಜಾಗ ಇಲ್ಲ.

— ಜಾಗ ಇಲ್ಲದೆ ಏನು, ಮನೆಮನೇಲೂ ಇದೆ, ಬೇರೆ ಹೆಸರಲ್ಲಿ. ಬಾಣಂತಿಗೆ ದಶಮೂಲಾರಿಷ್ಟ ಕೊಡೋ ಅತ್ತೇನ ‘ಅಮ್ಮಾ, ಲೇಬಲ್ ಓದಿದೀರಾ, ಇದರಲ್ಲೂ ಮದ್ಯಸಾರ ಇದೆ’ ಅಂದು ನೋಡಿ. ಕೆನ್ನೆಗೆ ಬಾರಿಸ್ತಾರೆ. ಹಳೇ ಕಾಲದ ಗ್ರೈಪ್ ವಾಟರಲ್ಲೂ ಇತ್ತಲ್ಲ. ಔಷಧಿ ಅಂತ ಚಮಚದಲ್ಲಿ ಕೊಟ್ರೆ ಅದು ಕುಡಿತ ಅಲ್ಲ. ಲೋಟಕ್ಕೆ ಹುಯ್ದು ಕೊಟ್ರೆ ಕುಡಿತ.

— ಸರಿಯಾಗಿ ಹೇಳಿದ್ರಿ.

— ಹೇಳಿದ್ದು ನಿಮ್ಮ ಪರ ಅಂತ ತಿಳ್ಕೋಬೇಡಿ. ಈಗ ನನ್ನ ಕಥೆ ಕೇಳಿ. 1981, ಜುಲೈ. ನಾನು ಬೆಂಗಳೂರಲ್ಲಿ ಟ್ರೈನಿಂಗ್ ಎರಡನೇ ವರ್ಷ. ಕಳ್ಳಭಟ್ಟಿ ದುರಂತ. ಮುನ್ನೂರಕ್ಕೂ ಹೆಚ್ಚು ಜನ ಸತ್ರು. ಮಂಚ ಸಾಲದೆ ನೆಲದ ಮೇಲೆ, ವರಾಂಡದಲ್ಲಿ, ಮೆಟ್ಟಿಲ ಕೆಳಗೆ ಮಲಗಿಸಿದ್ವಿ. ಕೂಲಿಯವರು, ಗಾಡಿಯವರು. ಒಬ್ಬ ನನ್ನ ಸೆರಗು ಹಿಡ್ಕೊಂಡು ‘ಅಮ್ಮಾ, ಹಾಲು ಚೆಲ್ಲಿದ ಹಂಗೆ ಕಾಣ್ತದೆ, ಎಲ್ಲಾ ಬೆಳ್ಳಗೆ’ ಅಂದ. ಆಗ ಗೊತ್ತಿರಲಿಲ್ಲ, ಅದು ಕಣ್ಣು ಹೋಗೋ ಮುಂಚಿನ ಬೆಳಕು ಅಂತ. ಹಿರಿಯ ಡಾಕ್ಟರು ಒಬ್ರು ಬಂದು ಬ್ರಾಂದಿ ತರಿಸಿದ್ರು. ನನ್ನ ಕೈಗೆ ಫನಲ್ ಕೊಟ್ರು. ಮೂಗಿನ ನಳಿಕೆಗೆ ನೀರು ಬೆರೆಸಿದ ಬ್ರಾಂದಿ ಹುಯ್ಯೋದು, ಗಂಟೆ ನೋಡ್ಕೊಂಡು. ಅವನ ಹೆಂಡ್ತಿ ಬಾಗಿಲಲ್ಲಿ ನಿಂತು ನೋಡಿದ್ಲು. ‘ಇದರಿಂದಲೇ ಹಿಂಗಾಯ್ತು, ಮತ್ತೆ ಅದನ್ನೇ ಹುಯ್ತಿದೀರಲ್ಲೇ ಪಾಪಿಗಳಾ’ ಅಂತ ಕೂಗಿದ್ಲು. ಅವಳಿಗೆ ಏನು ಹೇಳ್ಬೇಕು ಅಂತ ಇವತ್ತಿಗೂ ಗೊತ್ತಿಲ್ಲ.

— ಕಳ್ಳಭಟ್ಟಿಯಲ್ಲಿದ್ದ ಮೆಥನಾಲ್ ಲಿವರಲ್ಲಿ ಒಡೆದು ಫಾರ್ಮಿಕ್ ಆಮ್ಲ ಆಗುತ್ತೆ, ಕಣ್ಣಿನ ನರ ತಿನ್ನೋದು ಅದೇ. ಒಳ್ಳೇ ಮದ್ಯ ಹೊಟ್ಟೇಲಿದ್ರೆ ಲಿವರ್ ಮೊದಲು ಅದನ್ನ ಒಡೆಯೋಕೆ ಕೂರುತ್ತೆ. ಅಷ್ಟರಲ್ಲಿ ವಿಷ ಹಾಗೇ ಮೂತ್ರದಲ್ಲೋ ಡಯಾಲಿಸಿಸಲ್ಲೋ ಹೋಗ್ಬೇಕು. ಅದಕ್ಕೆ ಅಂತಲೇ ಫೋಮೆಪಿಝೋಲ್ ಅನ್ನೋ ಔಷಧಿ ಇದೆ. ದುಬಾರಿ, ಬೇಕಾದಾಗ ಸಿಗಲ್ಲ. ವಿಯೆಟ್ನಾಮಲ್ಲಿ ಒಬ್ಬನಿಗೆ ಹದಿನೈದು ಕ್ಯಾನ್ ಬಿಯರ್ ಹಾಕಿ ಉಳಿಸಿದ್ರು, ಗಂಟೆಗೊಂದರ ಲೆಕ್ಕದಲ್ಲಿ ಅಂತ 2019ರ ಜನವರೀಲಿ ಸುದ್ದಿ ಬಂತು.

— ಲೆಕ್ಕ ನನಗೂ ಗೊತ್ತು. ಅವಳ ಗಂಡ ಉಳಿದ, ಕಣ್ಣು ಉಳೀಲಿಲ್ಲ. ನಾನು ಹೇಳ್ತಾ ಇರೋದು ಬೇರೆ. ಆವತ್ತಿಂದ ವಾರ್ಡಲ್ಲಿ ಆ ವಾಸನೆ ಬಂದ್ರೆ ನನಗೆ ಆ ಬೆಳ್ಳಗಿನ ಕಣ್ಣು ನೆನಪಾಗುತ್ತೆ. ಅದಕ್ಕೇ ಬಾಟ್ಲಿ ಎಸೆದಿದ್ದು. ನಿಯಮ ಅಂತ ಅಲ್ಲ.

— ಎಸೆದ್ರಿ ಸರಿ. ಬಾಟ್ಲಿ ತಂದಿಟ್ಟವನನ್ನ ಕೇಳಿದ್ರಾ, ದಿನಾ ಎಷ್ಟು ಕುಡೀತೀಯ ಅಂತ?

— ಕೇಳ್ತಿರಲಿಲ್ಲ, ಬೈತಿದ್ದೆ. ಅಲ್ಲಿಗೇ ಬಂದ್ರಿ ನೋಡಿ, ಗೋಡೌನಿಗೆ. ಜವಳಿ ಅಂಗಡಿ ಸಾಹುಕಾರ್ರು ಒಬ್ರು. ಅಂಗಡಿ ಮೆಟ್ಟಿಲಲ್ಲಿ ಜಾರಿ ಸೊಂಟದ ಕೀಲು ಮುರ್ಕೊಂಡು ಬಂದ್ರು. ಮನೆಯವರು ಈರುಳ್ಳಿ ಸಹ ತಿನ್ನದವರು. ಕೇಸ್ ಶೀಟಲ್ಲಿ ‘ಹ್ಯಾಬಿಟ್ಸ್: ನಿಲ್’. ಆಪರೇಷನ್ ಹೂವೆತ್ತಿದ ಹಾಗಾಯ್ತು. ಎರಡನೇ ದಿನ ರಾತ್ರಿ ಕೈ ಸಣ್ಣಗೆ ನಡುಗೋಕೆ ಶುರು, ಮೈಯೆಲ್ಲ ಬೆವರು. ಮೂರನೇ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದ್ರೆ ಮಂಚದ ಮೇಲೆ ಎದ್ದು ಕೂತಿದಾರೆ. ಕಣ್ಣು ಕೆಂಪಗೆ. ಬೆಡ್‌ಶೀಟಿನ ತುದಿ ಹಿಡಿದು ಮೊಳ ಹಾಕ್ತಾ ಇದಾರೆ ಡಾಕ್ಟ್ರೇ! ಒಂದು, ಎರಡು, ಎರಡೂವರೆ. ಇಲ್ಲದ ಕತ್ತರಿ ತಗೊಂಡು ಕತ್ತರಿಸಿದ್ರು, ಮಡಿಸಿದ್ರು, ನನ್ನ ಕಡೆ ನೀಡಿ ‘ಬಣ್ಣ ಗ್ಯಾರಂಟಿ ತಾಯಿ’ ಅಂದ್ರು.

— ಪಕ್ಕಾ ಡಿಟಿ, ಡಿಲಿರಿಯಂ ಟ್ರೆಮೆನ್ಸ್, ನಡುಕದ ಸನ್ನಿ. ಕುಡಿತ ನಿಂತು ಎರಡರಿಂದ ನಾಲ್ಕು ದಿನದ ಒಳಗೆ. ಎಷ್ಟೋ ಜನ ಆ ಮಂಪರಲ್ಲಿ ತಮ್ಮ ಕಸುಬು ಮಾಡ್ತಾರೆ.

— ಈಗ ನೀವು ಪಕ್ಕಾ ಅಂತೀರ. ಆವತ್ತು ಅರಿವಳಿಕೆ ಕೊಟ್ಟವರ ಮೇಲೆ ಅನುಮಾನ, ಸೋಡಿಯಂ ಕಮ್ಮಿ ಇರ್ಬೇಕು ಅಂತ ರಕ್ತ ಲ್ಯಾಬಿಗೆ, ವಯಸ್ಸಿನ ಮರುಳು ಅಂತ ಒಬ್ರು, ಗಾಳಿ ಸೋಕಿದೆ ಅಂತ ಅವರ ತಂಗಿ. ಎರಡೂ ಕೈ ಬ್ಯಾಂಡೇಜ್ ಬಟ್ಟೇಲಿ ಮಂಚಕ್ಕೆ ಕಟ್ಟಿದ್ರು. ನನಗೆ ಆ ನಡುಕ ಸರಿ ಕಾಣಲಿಲ್ಲ. ಆಚೆ ಕಾರಿಡಾರಲ್ಲಿ ಅಂಗಡಿ ಹುಡುಗ ಟಿಫನ್ ಕ್ಯಾರಿಯರ್ ಹಿಡ್ಕೊಂಡು ನಿಂತಿದ್ದ. ಪಕ್ಕಕ್ಕೆ ಕರೆದೆ. ‘ಸಾಹುಕಾರ್ರು ಬಾಗಿಲು ಹಾಕಿದ ಮೇಲೆ ಸೀದಾ ಮನೆಗೆ ಹೋಗ್ತಾರಾ?’ ‘ಇಲ್ಲ, ಗೋಡೌನಿಗೆ.’ ‘ಗೋಡೌನಲ್ಲೇನಪ್ಪ?’ ಹುಡುಗ ಕ್ಯಾರಿಯರ್ ಮುಚ್ಚಳ ನೋಡ್ತಾ ನಿಂತ. ಆಮೇಲೆ ‘ಕ್ವಾರ್ಟರ್’ ಅಂದ. ‘ದಿನಾನಾ?’ ‘ಭಾನುವಾರ ಎರಡು.’

— 180 ಎಂಎಲ್. ನಮ್ಮ ಮದ್ಯ 42.8 ಪರ್ಸೆಂಟ್ ಇರುತ್ತೆ, ಮೂವತ್ತು ಎಂಎಲ್ಲಿಗೆ ಹತ್ತು ಗ್ರಾಂ ಆಲ್ಕೋಹಾಲ್. ಅಂದ್ರೆ ದಿನಕ್ಕೆ ಅರವತ್ತು ಗ್ರಾಂ.

— ಲೊರಾಝೆಪಾಮ್ ಶುರು ಮಾಡಿದ್ರು. ಗ್ಲೂಕೋಸ್ ನಿಲ್ಲಿಸಿ ಮೊದಲು ಥಯಮಿನ್ ಕೊಟ್ರು. ಮನುಷ್ಯ ಉಳಿದ್ರು. ಆದ್ರೆ ಅಷ್ಟರೊಳಗೆ ಕಟ್ಟು ಬಿಡಿಸ್ಕೊಂಡು ಒಂದ್ಸಲ ನೆಲಕ್ಕೆ ಕಾಲೂರಿದ್ರು, ಹಾಕಿದ ಕೀಲು ಕಳಚಿತ್ತು. ಇನ್ನೊಂದು ಆಪರೇಷನ್ ಆಯ್ತು. ಆಮೇಲೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ ಅಂತ ಕೇಳಿದೆ.

— ಮನೆಯವರಿಗೆ ಗೊತ್ತಿರಲಿಲ್ವಾ?

— ಹೆಂಡ್ತಿಗೆ ಗೊತ್ತಿತ್ತು. ಡಿಸ್ಚಾರ್ಜ್ ದಿನ ಹತ್ರ ಬಂದು ‘ಸಿಸ್ಟರ್, ಆ ಹುಡುಗ ಡಾಕ್ಟರು ಕೇಳಿದ್ದು ನಮ್ಮತ್ತೆ ಮುಂದೆ. ಅಲ್ಲೇ ನಮ್ಮ ಬೀಗರೂ ನಿಂತಿದ್ರು. ಹ್ಞೂ ಅಂತ ಹೆಂಗೆ ಹೇಳ್ಲಿ?’ ಅಂದ್ರು. ಅದೂ ಕೇಳಿದ್ದು ಹೆಂಗೆ ಗೊತ್ತಾ? ‘ಕುಡಿಯೋ ಅಭ್ಯಾಸ ಏನೂ ಇಲ್ಲ, ಅಲ್ವಾ?’ ಅಂತ. ಉತ್ತರಾನೂ ಅವನೇ ಕೊಟ್ಟು ಕೇಳಿದ್ದ.

— ನಾನೂ ಹಾಗೇ ಬರೀತಿದ್ದೆ ಸಿಸ್ಟರ್. ದಿನಕ್ಕೆ ನಲವತ್ತು ಅಡ್ಮಿಷನ್. ‘ನಿಲ್’ ಅನ್ನೋದು ಪೆನ್ನಿಗೆ ಅಭ್ಯಾಸ ಆಗಿಹೋಗಿತ್ತು. ನೋಡಿ, ಸುಶ್ರುತ ಶಸ್ತ್ರಚಿಕಿತ್ಸೆಗೆ ಮುಂಚೆ ಏನು ಮಾಡ್ಬೇಕು ಅಂತ ಹೇಳುವಾಗ, ಕುಡಿಯೋ ಅಭ್ಯಾಸ ಇದ್ದು ನೋವು ತಡೀಲಾರದವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಅಂತಾನೆ. ಕೊಡೋದು ಬಿಡಿ, ಇವತ್ತು ಬೇಕಿಲ್ಲ. ಆದ್ರೆ ಹಾಗೆ ಹೇಳ್ಬೇಕಾದ್ರೆ ಕತ್ತಿ ಹಿಡಿಯೋಕೆ ಮುಂಚೆ ‘ಇವನು ಕುಡೀತಾನಾ’ ಅಂತ ತಿಳ್ಕೊಂಡಿರಬೇಕಲ್ಲ? ಚರಕನಲ್ಲಿ ಕುಡಿತದ ಕಾಯಿಲೆಗೆ ಒಂದು ಅಧ್ಯಾಯವೇ ಇದೆ. ಅವರಿಗೆ ಮಡಿ ಇರಲಿಲ್ಲ ಅಂತಲ್ಲ, ಕೇಳೋಕೆ ನಾಚಿಕೆ ಇರಲಿಲ್ಲ.

— ಹೆಂಗಸರ ವಿಷಯ ಇನ್ನೂ ಕಷ್ಟ. ಗಂಡಸರಿಗಾದ್ರೂ ಉತ್ತರ ಸಮೇತ ಒಂದು ಪ್ರಶ್ನೆ ಇರುತ್ತೆ. ಹೆಂಗಸರಿಗೆ ಪ್ರಶ್ನೇನೇ ಇಲ್ಲ. ಏಳನೇ ರೂಮಿನ ಬಾಯಮ್ಮ, ಮಂಗಳೂರಿನವರು, ಡಿಸೆಂಬರ್ ಬಂದ್ರೆ ಮನೇಲಿ ಮಾಡಿದ ದ್ರಾಕ್ಷಿ ವೈನ್ ಕಥೆ ಹೇಳ್ತಾರೆ. ಅವರನ್ನ ನೀವು ಕೇಳಿದ್ರಾ?

— ಇಲ್ಲ.

— ನಾನೂ ಕೇಳಿಲ್ಲ.

— ನನಗೆ ಅನ್ಸೋದು ಇಷ್ಟೇ. ಬಾಟ್ಲಿ ಒಳಗೆ ಬರಬೇಕೋ ಬೇಡವೋ ಅನ್ನೋದು ಎರಡನೇ ಮಾತು. ಬಾಟ್ಲೀನ ಗೇಟಲ್ಲೇ ತಡೀತೀವಿ ಅಂತ ಬೋರ್ಡ್ ಹಾಕಿದಾಗ ಅದರ ಬಗ್ಗೆ ಆಡಬೇಕಾದ ಮಾತೂ ಗೇಟಲ್ಲೇ ನಿಲ್ಲುತ್ತೆ. ಕೆನಡಾದ ಒಟ್ಟಾವದಲ್ಲಿ ಬೀದಿ ಬದಿ ಬದುಕೋ ಕುಡುಕರಿಗೆ, ಬೇರೆ ಏನೂ ಫಲಿಸದವರಿಗೆ, ಆಶ್ರಯ ಮನೇಲೇ ಅಳೆದು ವೈನ್ ಕೊಡೋಕೆ ಶುರು ಮಾಡಿದ್ರು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ, ಗಂಟೆಗೊಂದು ಸಲ. ಹದಿನೇಳು ಜನರ ವಿವರ 2006ರಲ್ಲಿ ಅಲ್ಲಿಯ ವೈದ್ಯಕೀಯ ಪತ್ರಿಕೇಲಿ ಬಂತು. ಎಮರ್ಜೆನ್ಸಿಗೆ ಬರೋದು ಕಮ್ಮಿಯಾಯ್ತು, ಪೊಲೀಸರ ಕೈಗೆ ಸಿಗೋದು ಕಮ್ಮಿಯಾಯ್ತು, ಕುಡಿಯೋದೂ ಕಮ್ಮಿಯಾಯ್ತು. ಗುಟ್ಟಾಗಿ ಮೌತ್‌ವಾಶ್ ಕುಡೀತಿದ್ದವನು ಗಂಟೆಗೊಂದ್ಸಲ ನರ್ಸ್ ಎದುರು ಬಂದು ನಿಲ್ತಾನೆ. ನಿಂತಾಗ ‘ಕಾಲು ಯಾಕೆ ಊದಿದೆ’ ಅಂತ ಕೇಳಬಹುದು.

— ಕೇಳೋಕೆ ಚೆನ್ನಾಗಿದೆ. ಆರನೇ ರೂಮಿನವರನ್ನ ಎಲ್ಲಿಡ್ತೀರ?

— ಅದೇ ನನಗೂ ಚಿಂತೆ.

— ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ನಿಮ್ಹಾನ್ಸಲ್ಲಿ ಎರಡು ಸಲ ಇದ್ದು ಬಂದವರು. ದಿನಾ ಬೆಳಿಗ್ಗೆ ಕ್ಯಾಲೆಂಡರಲ್ಲಿ ಒಂದು ಗೀಟು ಎಳೀತಾರೆ, ಹಲ್ಲುಜ್ಜೋಕೂ ಮುಂಚೆ. ನಾಲ್ಕಕ್ಕೂ ಆರಕ್ಕೂ ಮಧ್ಯೆ ಒಂದು ಗೋಡೆ, ಅದರ ಮೇಲೆ ಗಾಳಿಗೆ ಅಂತ ಜಾಲರಿ ಕಿಂಡಿ. ಒಬ್ಬರ ಸಂಜೆ ಇನ್ನೊಬ್ಬರ ಹನ್ನೊಂದು ವರ್ಷ ನುಂಗಿಹಾಕಿದ್ರೆ?

— ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

— ಮೊದಲ್ನೇ ಸಲ ಈ ಮಾತು ಹೇಳಿದ್ರಿ, ಖುಷಿಯಾಯ್ತು.

— ಇನ್ನೊಂದು ವಿಚಿತ್ರ ನೋಡಿ. ಮಾರ್ಫಿನ್‌ಗೆ ಎಷ್ಟು ಒದ್ದಾಡಿದ್ವಿ. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಯಾರೂ ಇಡ್ತಿರಲಿಲ್ಲ, ಕ್ಯಾನ್ಸರ್ ರೋಗಿಗಳು ಚೀರಾಡ್ತಾ ಸಾಯೋರು. 2014ರಲ್ಲಿ ತಿದ್ದುಪಡಿ ಆದ್ಮೇಲೆ ದಾರಿ ಸ್ವಲ್ಪ ಸಲೀಸಾಯ್ತು. ಇವತ್ತು ನಮ್ಮ ಬೀರುವಲ್ಲಿ ಬೀಗ ಹಾಕಿ ಇಡ್ತೀವಿ, ಮಾತ್ರೆ ಮಾತ್ರೆಗೂ ರಿಜಿಸ್ಟರಲ್ಲಿ ಸಹಿ. ಅಷ್ಟು ಭಯಂಕರವಾದದ್ದನ್ನ ಎಚ್ಚರಿಕೆಯಿಂದ ಕೊಡೋದು ಕಲಿತ್ವಿ. ರಮ್ಮಿಗೆ ಒಂದು ಪುಟ ಕೂಡ ಇಲ್ಲ. ಹಿಂದೆ ಇಂಗ್ಲೆಂಡಲ್ಲಿ ಎರಡೂ ಒಂದೇ ಬಾಟ್ಲೀಲಿ ಇದ್ವು. ಬ್ರಾಂಪ್ಟನ್ ಮಿಶ್ರಣ ಅಂತ, ಮಾರ್ಫಿನ್, ಕೊಕೇನ್, ಜತೆಗೆ ಜಿನ್ನೋ ಬ್ರಾಂದಿಯೋ. ಸಿಸಿಲಿ ಸಾಂಡರ್ಸ್ ಕೂಡ ಶುರುವಲ್ಲಿ ಅದನ್ನೇ ಕೊಡ್ತಿದ್ರು. 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದ್ರಲ್ಲ, ಅವರು. ಆಮೇಲೆ ಅಲ್ಲೇ ರಾಬರ್ಟ್ ಟ್ವೈಕ್ರಾಸ್ ಪರೀಕ್ಷೆ ಮಾಡಿ, ನೋವಿಗೆ ಬರೀ ಮಾರ್ಫಿನ್ ಸಾಕು ಅಂತ ತೋರಿಸಿದ್ರು. ಮದ್ಯ ಔಷಧಿ ಬಾಟ್ಲಿಯಿಂದ ಹೊರಗೆ ಬಂತು. ಆದ್ರೆ ಅಲ್ಲಿ ಎಷ್ಟೋ ಹಾಸ್ಪಿಸ್‌ಗಳಲ್ಲಿ ಸಂಜೆ ಹೊತ್ತು ಟ್ರಾಲಿ ತಳ್ಕೊಂಡು ಬಂದು ‘ಇವತ್ತು ಏನು ತಗೋತೀರಿ’ ಅಂತ ಕೇಳೋದು ಉಳೀತು. ಔಷಧಿಯಾಗಿ ಬೇಡವಾದದ್ದು ಸಂಜೆಯಾಗಿ ಉಳೀತು.

— ಸಂಜೆಯಾಗಿ. ಸರಿ, ಈಗ ನಮ್ಮ ಸಂಜೆ ಕಥೆ ಕೇಳಿ. ಆರೂವರೆಗೆ ಆ ಹೊಸ ಹುಡುಗಿ, ಪಾಪ, ಆರ್ಡರ್ ಇದ್ದ ಹಾಗೇ ಮಾಡಿದ್ಲು. ಕೆಮ್ಮಿನ ಸಿರಪ್ ಮುಚ್ಚಳ ಇರುತ್ತಲ್ಲ, ಗೀಟು ಹಾಕಿರೋದು, ಅದರಲ್ಲಿ ಮೂರು ಸಲ ಅಳೆದು ಪ್ಲಾಸ್ಟಿಕ್ ಲೋಟಕ್ಕೆ ಹುಯ್ದು, ನೀಲಿ ಟ್ರೇ ಮೇಲೆ ಬಿಪಿ ಮಾತ್ರೆ, ಮಲಬದ್ಧತೆ ಪುಡಿ ಪಕ್ಕ ಇಟ್ಕೊಂಡು ಹೋದ್ಲು. ‘ತಾತಾ, ಔಷಧಿ. ಬಾಯಿ ತೆಗೀರಿ’ ಅಂದ್ಲು.

— ಅಯ್ಯೋ.

— ಅವರು ಎದ್ದು ಕೂತ್ರಂತೆ. ಲೋಟ ಮೂಗಿನ ಹತ್ರ ಹಿಡಿದು ನೋಡಿದ್ರಂತೆ. ಟ್ರೇ ಮೇಲೆ ವಾಪಸ್ ಇಟ್ಟು, ‘ಮಗಳೇ, ಇದು ಕುಡಿಸೋದು. ನಾನು ಕೇಳಿದ್ದು ಕುಡಿಯೋದು’ ಅಂದ್ರಂತೆ. ಮಾತ್ರೆ ಮಾತ್ರ ನುಂಗಿದ್ರು. ಹುಡುಗಿ ಅಳ್ತಾ ನನ್ನ ಹತ್ರ ಬಂದ್ಲು, ರಿಜಿಸ್ಟರಲ್ಲಿ ‘ರಿಫ್ಯೂಸ್ಡ್’ ಅಂತ ಬರೀಲಾ ಮೇಡಂ ಅಂತ.

— ತಪ್ಪು ನಂದು. ಔಷಧಿ ಬರೆದ ಹಾಗೇ ಬರೆದೆ.

— ನಾನೇ ಹೋದೆ. ‘ಏನು ಬೇಕಿತ್ತು ಯಜಮಾನ್ರೇ, ಸರಿಯಾಗಿ ಹೇಳಿ’ ಅಂದೆ. ಗಾಜಿನ ಲೋಟ ಅಂದ್ರು. ವರಾಂಡದಲ್ಲಿ ಕುರ್ಚಿ. ನೀರು ಬೇರೆ ಇರ್ಬೇಕು, ಎಷ್ಟು ಬೆರೆಸೋದು ಅಂತ ಅವರೇ ನೋಡ್ಕೋತಾರೆ. ಕೊರಿಯೋಕೆ ಏನಾದ್ರೂ. ಆಮೇಲೆ ತಡೆದು ತಡೆದು ‘ಎದುರಿಗೆ ಒಬ್ರು’ ಅಂದ್ರು. ನನ್ನ ಮುಖ ನೋಡಿ ‘ಕುಡೀಬೇಕು ಅಂತಿಲ್ಲ, ಕೂತ್ಕೊಂಡ್ರೆ ಸಾಕು’ ಅಂದ್ರು.

— ಎಂಟು ಜನ ಸ್ಟಾಫಲ್ಲಿ ಸಂಜೆ ಆರೂವರೆಗೆ ಯಾರು ಕೂತ್ಕೊಳ್ಳೋಕೆ ಪುರುಸೊತ್ತಿರುತ್ತೆ? ಇಬ್ಬರಿಗೆ ಡ್ರೆಸ್ಸಿಂಗ್, ಮೂವರಿಗೆ ಊಟ ತಿನ್ಸೋದು...

— ಅದನ್ನ ಆಮೇಲೆ ನೋಡೋಣ. ಅಲ್ಲಿಂದ ಆರನೇ ರೂಮಿಗೂ ಹೋದೆ.

— ಕೇಳಿದ್ರಾ?

— ಕೇಳಿದೆ. ಬಾಗಿಲು ಮುಂದಕ್ಕೆ ಹಾಕಿ, ಯಾರೂ ಇಲ್ಲದಾಗ. ‘ಪಕ್ಕದವರು ಸಂಜೆ ಸ್ವಲ್ಪ ತಗೋತಾರಂತೆ, ವಾಸನೆ ಬರಬಹುದು, ನಿಮಗೆ ಹೇಗೆ’ ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಬೆರಳು ಬೆಡ್‌ಶೀಟಿನ ಅಂಚು ಹಿಡ್ಕೊಂಡಿತ್ತು, ನನಗೆ ಜವಳಿ ಸಾಹುಕಾರ್ರು ನೆನಪಾದ್ರು. ಆಮೇಲೆ ‘ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ ಮೊದಲೇ ಹೇಳಿ. ಆ ಹೊತ್ತಿಗೆ ನಾನು ಹಿತ್ತಲಿಗೆ ಹೋಗ್ತೀನಿ’ ಅಂದ್ರು. ಹೊರಟೆ. ‘ಸಿಸ್ಟರ್, ಯಾವ ಬ್ರ್ಯಾಂಡು’ ಅಂದ್ರು. ನಾನು ಹೇಳಲಿಲ್ಲ. ಅವರೇ ‘ಬೇಡ, ಹೇಳಬೇಡಿ’ ಅಂದ್ರು.

— ಅವರು ಯಾಕೆ ಎದ್ದು ಹೋಗ್ಬೇಕು ಸಿಸ್ಟರ್? ಕುಡಿಯೋರು ಇವರು. ಇವರನ್ನೇ ವೀಲ್‌ಚೇರಲ್ಲಿ ಹಿತ್ತಲಿಗೆ ಕರ್ಕೊಂಡು ಹೋಗೋಣ, ಹಲಸಿನ ಮರದ ಹತ್ರ.

— ಸೊಳ್ಳೆ.

— ಬತ್ತಿ ಹಚ್ಚಿಡಿ.

— ಬಾಟ್ಲಿ ಮಾರ್ಫಿನ್ ಬೀರುವಲ್ಲೇ ಇರುತ್ತೆ, ಕೀ ನನ್ನ ಹತ್ರ. ರಿಜಿಸ್ಟರಿಗೆ ಹೊಸ ಪುಟ ಹಾಕ್ತೀನಿ. ಒಂದು ದಿನ ಉಸಿರಲ್ಲಿ ವ್ಯತ್ಯಾಸ ಕಂಡ್ರೂ ನಿಮ್ಮನ್ನ ಕೇಳದೆ ನಿಲ್ಲಿಸ್ತೀನಿ.

— ನಿಲ್ಲಿಸಿ. ಆರನೇ ರೂಮಿನವರು ಇನ್ನೊಂದ್ಸಲ ಬ್ರ್ಯಾಂಡ್ ಕೇಳಿದ್ರೂ ನನಗೆ ಹೇಳಿ.

— ಶೀಟ್ ತಗೊಳ್ಳಿ, ಆರ್ಡರ್ ತಿದ್ದಿ ಬರೀರಿ. ಲೋಟ ಗಾಜಿಂದು ಅಂತ ಸ್ಪಷ್ಟವಾಗಿ ಬರೀಬೇಕು. ಇಲ್ದಿದ್ರೆ ಸ್ಟೋರಿನವನು ಕೊಡಲ್ಲ, ಒಡೆದ್ರೆ ಯಾರ ತಲೆಗೆ ಅಂತಾನೆ.

— ಬರೆದೆ. ಕೊರಿಯೋಕೆ?

— ಅದಕ್ಕೆ ನಿಮ್ಮ ಆರ್ಡರ್ ಬೇಕಾಗಿಲ್ಲ. ಹುರಿದ ಕಡಲೆಕಾಯಿ ನನ್ನ ಬ್ಯಾಗಲ್ಲೇ ಇದೆ.